ಹನ್ನೊಂದು ಪೆಟ್ಟಿಗೆ ನೀಲಿ ಟೈಲ್ಸ್

ಜೂನ್ 9

ಅತ್ತಿಗೆಗೆ ನಮಸ್ಕಾರಗಳು.

ಕಾಗದ ಬರೆದರೆ ಮೊದಲು 'ಇಲ್ಲಿ ಎಲ್ಲ ಕ್ಷೇಮ' ಎಂದು ಬರೆಯಬೇಕು. ಇಲ್ಲಿ ಎಲ್ಲ ಒದ್ದೆ. ಹನ್ನೆರಡು ದಿನದಿಂದ ಮಳೆ ಬಿಟ್ಟಿಲ್ಲ. ಹಾಸಿಗೆ, ಬೆಂಕಿಪೊಟ್ಟಣ, ಈ ಕಾಗದ, ಯಾವುದೂ ಒಣಗಿಲ್ಲ. ಅಕ್ಷರ ಹರಡಿದ್ದರೆ ನನ್ನ ಕೈಬರಹವನ್ನು ಬೈಯಬೇಡಿ.

ಫೋನ್ ಮಾಡಬಹುದಿತ್ತು. ಆದರೆ ಮನೆಯ ಫೋನ್ ಇರುವುದು ಅಮ್ಮನ ಮಂಚದ ಪಕ್ಕ. ನಾವಿಬ್ಬರು ಮಾತಾಡಿದರೆ ಅದು ಮೂವರ ಮಾತಾಗುತ್ತದೆ. ಜೊತೆಗೆ ನಾಲ್ಕು ತಿಂಗಳಿಂದ ಸುಮ್ಮನಿದ್ದವನು ಈಗ ಕೆಲಸಕ್ಕೆಂದು ಫೋನ್ ಮಾಡಿದರೆ 'ಈಗ ನೆನಪಾದ್ವಾ?' ಎಂದು ಅಮ್ಮ ಶುರು ಮಾಡುತ್ತಾಳೆ. ಅದಕ್ಕೇ ಕಾಗದ.

ಇಲ್ಲೊಬ್ಬ ಹಲ್ಲಿನ ಡಾಕ್ಟರ ಮನೆಯ ಹಿತ್ತಿಲಲ್ಲಿ ಈಜುಕೊಳ ಕಟ್ಟಿಸುತ್ತಿದ್ದೇನೆ. ಡಾಕ್ಟರಿಗೆ ಮಂಡಿನೋವು, ನೀರಿನಲ್ಲಿ ನಡೆದರೆ ಒಳ್ಳೆಯದಂತೆ. ಒಳ್ಳೆಯ ಮನುಷ್ಯ, ಆದರೆ ಟೈಲ್ಸ್ ಸಾಲನ್ನೂ ಹಲ್ಲಿನ ಸಾಲಿನ ಹಾಗೆ ನೋಡುತ್ತಾರೆ. ನಿನ್ನೆ ಬಗ್ಗಿ ನೋಡಿ, "ಮೇಸ್ತ್ರಿ, ಈ ಮೂಲೇಲಿ ಒಂದು ಸ್ವಲ್ಪ ಮುಂದೆ ಬಂದಿದೆ, ಕ್ಲಿಪ್ ಹಾಕ್ಬೇಕೇನೋ" ಅಂದರು. ಕಾಂಕ್ರೀಟಿನ ತೊಟ್ಟಿ ಮಳೆಗೆ ಮೊದಲೇ ಮುಗಿದಿತ್ತು, ಪುಣ್ಯ. ಈಗ ಬೊಂಬು ನಿಲ್ಲಿಸಿ, ಮೇಲೆ ಟಾರ್ಪಾಲ್ ಕಟ್ಟಿ, ಅದರ ಕೆಳಗೆ ಬಗ್ಗಿಕೊಂಡು ಟೈಲ್ಸ್ ಹಾಕುತ್ತಿದ್ದೇವೆ. ಅರ್ಧ ತೊಟ್ಟಿ ನೀರು ಹಾಗೇ ಬಿಟ್ಟಿದ್ದೇನೆ. ಮಳೆಗಾಲದಲ್ಲಿ ಪೂರಾ ಖಾಲಿ ಮಾಡಿದರೆ ನೆಲದಡಿಯ ನೀರು ಒತ್ತಿ ಇಡೀ ತೊಟ್ಟಿಯನ್ನೇ ದೋಣಿಯ ಹಾಗೆ ಮೇಲೆತ್ತಿಬಿಡುತ್ತದೆ. ಇದನ್ನು ಹೇಳಿಕೊಟ್ಟವನು ಅಣ್ಣ.

ಈಗ ವಿಷಯಕ್ಕೆ ಬರುತ್ತೇನೆ. ಡಾಕ್ಟರು ಮುಚ್ಚಿಹೋಗುತ್ತಿದ್ದ ಒಂದು ಅಂಗಡಿಯಿಂದ ಉಳಿಕೆ ಟೈಲ್ಸ್ ತಂದಿದ್ದರು. ಅಂಗುಲದ ಚೌಕಗಳು, ಕಾಗದಕ್ಕೆ ಅಂಟಿಸಿದ್ದು, ಕಡುನೀಲಿ. ಅವು ಸಾಲುವುದಿಲ್ಲ. ಆ ಕಾರ್ಖಾನೆಯೂ ಈಗ ಇಲ್ಲ. ಅದೇ ನೀಲಿ ಎಲ್ಲೋ ನೋಡಿದ್ದೇನೆ ಎಂದು ಎರಡು ದಿನ ತಲೆ ಕೆರೆದುಕೊಂಡೆ. ನಮ್ಮ ಮನೆಯಲ್ಲೇ! ಏಳು ವರ್ಷದ ಹಿಂದೆ ಆ ಅತಿಥಿಗೃಹದ ಈಜುಕೊಳದ ಕೆಲಸ ನಿಂತ ಮೇಲೆ ಹನ್ನೊಂದು ಪೆಟ್ಟಿಗೆ ತಂದು ಹಿತ್ತಿಲ ಶೆಡ್ಡಿನಲ್ಲಿ ಇಳಿಸಿದ್ದೆನಲ್ಲ. ಸುಮ್ಮನೆ ಬಿದ್ದಿರುತ್ತವೆ. ಲಾರಿಗೆ ಹಾಕಿಸಿಬಿಡಿ, ಇಲ್ಲಿ ನಾನು ಇಳಿಸಿಕೊಳ್ಳುತ್ತೇನೆ.

ಅಮ್ಮನಿಗೆ ನಮಸ್ಕಾರ ಹೇಳಿ.

ನಿಮ್ಮ ಮೈದುನ

*

ಜೂನ್ 20

ಮೈದುನನಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಟೈಲ್ಸ್ ಇಲ್ಲ.

ಇಲ್ಲೂ ಮಳೆಯೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಹೊದಿಕೆಗಳು ಗುಡ್ಡದ ಹಾಗೆ ಬಿದ್ದಿವೆ. ಒಣಗಿಸುವ ಎರಡು ಯಂತ್ರಗಳಲ್ಲಿ ಒಂದು ಕೆಟ್ಟಿದೆ. ಹಸಿ ಬಟ್ಟೆಯನ್ನೇ ಇಸ್ತ್ರಿಯ ರೋಲರಿಗೆ ಕೊಡುತ್ತೇವೆ, ಕೋಣೆಯೆಲ್ಲ ಆವಿ. ಮನೆಗೆ ಬರುವಾಗ ನಾನೇ ಬೆಂದ ಬಟ್ಟೆಯ ಹಾಗೆ ಇರುತ್ತೇನೆ.

ಅತ್ತೆ ಚೆನ್ನಾಗಿದ್ದಾರೆ. ನನ್ನ ಜೊತೆ ಮಾತಿಲ್ಲ ಎನ್ನುವುದು ನಿನಗೆ ಗೊತ್ತೇ ಇದೆ. ಏನು ಹೇಳುವುದಿದ್ದರೂ ಗೋಡೆಗೆ ಹೇಳುತ್ತಾರೆ. ಮೊನ್ನೆ ಎರಚಲು ಒಳಗೆ ಹೊಡೆಯುತ್ತಿತ್ತು. "ಈ ಮನೇಲಿ ಯಾರಿಗಾದ್ರೂ ಕಿವಿ ಇದ್ರೆ ಆ ಕಿಟಕಿ ಹಾಕ್ಲಿ" ಅಂದರು. ಹಾಕಿದೆ. ಗೋಡೆಗೆ ಕೈ ಇಲ್ಲವಲ್ಲ.

ನಿನ್ನ ಆರೋಗ್ಯ ನೋಡಿಕೊ.

ಅತ್ತಿಗೆ

*

ಜೂನ್ 27

ಅತ್ತಿಗೆಗೆ ನಮಸ್ಕಾರಗಳು.

'ಟೈಲ್ಸ್ ಇಲ್ಲ.' ತಂತಿ ಕಳಿಸುವವರೂ ಇನ್ನೆರಡು ಮಾತು ಹೆಚ್ಚು ಬರೆಯುತ್ತಾರೆ! ಯಾರಿಗಾದರೂ ಕೊಟ್ಟಿರುತ್ತೀರಿ. ಪಕ್ಕದ ಮನೆಯವರು ಬಚ್ಚಲು ಕಟ್ಟಿಸುವಾಗ ಕಣ್ಣು ಹಾಕಿದ್ದು ನನಗೆ ನೆನಪಿದೆ. ಕೊಟ್ಟಿದ್ದರೆ ಕೊಟ್ಟಿರಿ, ಬೇಜಾರಿಲ್ಲ. ಒಂದು ಮಾತು ತಿಳಿಸಿದ್ದರೆ ಡಾಕ್ಟರಿಗೆ ಆಸೆ ಹುಟ್ಟಿಸುತ್ತಿರಲಿಲ್ಲ, ಅಷ್ಟೇ.

ಈಗ ಇದ್ದುದರಲ್ಲೇ ಹೊಂದಿಸುತ್ತಿದ್ದೇನೆ. ಡಾಕ್ಟರ ಕ್ಲಿನಿಕ್ಕಿನ ನೆಲಕ್ಕೆ ಹಾಕಿ ಮಿಕ್ಕ ಬಿಳಿ ಟೈಲ್ಸ್ ಒಂದಷ್ಟಿತ್ತು. ಅದನ್ನು ಕತ್ತರಿಸಿ ನೀರಿನ ಮಟ್ಟದ ಪಟ್ಟಿಗೆ ಒಂದು ಬಿಳಿ ಒಂದು ನೀಲಿ ಹಾಕಿದೆ. ಉಳಿಕೆಯನ್ನು ಉಳಿಕೆಯ ಹಾಗೆ ಕಾಣಿಸಬಾರದು, ಬೇಕೆಂದೇ ಮಾಡಿದ ಹಾಗಿರಬೇಕು ಎಂದು ಅಣ್ಣ ಹೇಳುತ್ತಿದ್ದ. ಆದರೆ ಮಳೆ ಕೇಳಬೇಕಲ್ಲ. ತೇವಕ್ಕೆ ಟೈಲ್ಸಿನ ಕಾಗದ ಬಿಟ್ಟುಕೊಂಡು ಚೌಕಗಳು ಕಡಲೆಬೀಜದ ಹಾಗೆ ಉದುರುತ್ತಿವೆ. ಹಾಕಿದ ಅಂಟು ಹಿಡಿಯುವ ಮೊದಲೇ ಟಾರ್ಪಾಲಿನ ಸಂದಿಯಿಂದ ನೀರು ಇಳಿದು ಎರಡು ಸಾಲು ಜಾರಿಹೋದವು. ಕಿತ್ತು, ಕೆರೆದು, ಮತ್ತೆ ಹಾಕಿದೆವು.

ಕೊಳದ ಪಕ್ಕದಲ್ಲಿ ಪಂಪು, ಫಿಲ್ಟರ್ ಕೂರಿಸಲು ಗುಂಡಿ ತೋಡಿಸುತ್ತಿದ್ದೇನೆ, ಎಂಟು ಅಡಿ ಆಳ. ತೋಡುವವನಿಗೆ 'ಗಡಿಯಾರ' ಎಂದು ಹೆಸರು. ಐವತ್ತು ದಾಟಿದ ಮನುಷ್ಯ, ಕೈಯಲ್ಲಿ ಗಡಿಯಾರವಿಲ್ಲ, ಅರ್ಧ ಗಂಟೆಗೊಮ್ಮೆ "ಟೈಮ್ ಎಷ್ಟಾಯ್ತು?" ಎಂದು ಕೇಳುತ್ತಾನೆ. ನೀವು ಗಾಬರಿಯಾಗಬೇಡಿ, ನಾನು ಹುಷಾರಾಗಿದ್ದೇನೆ. ಅಣ್ಣನ ಹಾಗೆ ಹಟ ಮಾಡುವವನಲ್ಲ. ಅವತ್ತು ಬೇಡ ಬೇಡ ಎಂದು ನಾನು ಬಡಕೊಂಡರೂ ಕೇಳದೆ ಪಂಪಿಗೆಂದು ಇಳಿದನಲ್ಲ. ಆ ದೃಶ್ಯ ಕಣ್ಣ ಮುಂದೆ ಇರುವವರೆಗೆ ನಾನು ಯಾರನ್ನೂ ನೀರು ತುಂಬಿದ ಗುಂಡಿಗೆ ಇಳಿಸುವುದಿಲ್ಲ.

ಅಮ್ಮನಿಗೆ ಕೆಮ್ಮು ಇದೆಯೇ? ತಿಳಿಸಿ.

ನಿಮ್ಮ ಮೈದುನ

*

ಜುಲೈ 8

ಮೈದುನನಿಗೆ,

ಟೈಲ್ಸ್ ಇಲ್ಲ ಎಂದು ಬರೆದದ್ದು ಸುಳ್ಳು. ಹನ್ನೊಂದು ಪೆಟ್ಟಿಗೆಯೂ ನೀನು ಇಳಿಸಿ ಹೋದ ಜಾಗದಲ್ಲೇ ಇವೆ. ಯಾರಿಗೂ ಕೊಟ್ಟಿಲ್ಲ. ಒಂದನ್ನೂ ಬಿಚ್ಚಿಲ್ಲ. ಪ್ರತಿ ಮಳೆಗಾಲಕ್ಕೆ ಮೊದಲು ಶೆಡ್ಡಿಗೆ ಹೋಗಿ, ಮುಖ ಆಚೆ ತಿರುಗಿಸಿಕೊಂಡು ಟಾರ್ಪಾಲ್ ಸರಿಮಾಡಿ ಬರುತ್ತೇನೆ. 'ಸುಮ್ಮನೆ ಬಿದ್ದಿರುತ್ತವೆ' ಎಂದು ಬರೆದೆಯಲ್ಲ, ಅವು ಸುಮ್ಮನೆ ಬಿದ್ದಿಲ್ಲ.

ಯಾರಿಗೂ ಹೇಳದ ಮಾತನ್ನು ನಿನಗೆ ಬರೆಯುತ್ತಿದ್ದೇನೆ. 'ಅಣ್ಣ ಹಟ ಮಾಡಿದ' ಎಂದು ನೀನು ಮತ್ತೆ ಬರೆದಿರದಿದ್ದರೆ ಇದನ್ನೂ ಬರೆಯುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ನಾವಿಬ್ಬರೂ ಜಗಳವಾಡಿದ್ದೆವು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ ಎನ್ನುವುದು ನಿನಗೆ ಗೊತ್ತು. ದೊಡ್ಡ ಡಾಕ್ಟರ ಹತ್ತಿರ ಇಬ್ಬರೂ ಹೋಗಬೇಕಿತ್ತು. ಎರಡು ಸಲ ದಿನ ಗೊತ್ತುಮಾಡಿದ್ದೆ, ಎರಡು ಸಲವೂ 'ಗುಂಡಿಗೆ ನೀರು ತುಂಬಿದೆ' ಎಂದು ಅವರು ಬರಲಿಲ್ಲ. ಅವತ್ತು ಮೂರನೆಯ ಸಲ, ಮಧ್ಯಾಹ್ನ ಹನ್ನೆರಡಕ್ಕೆ. ಬೆಳಿಗ್ಗೆ ಎದ್ದು ಮಳೆ ನೋಡಿ, "ಇವತ್ತೂ ಆಗುತ್ತೋ ಇಲ್ವೋ" ಅಂದರು. ನನಗೆ ಎಲ್ಲಿತ್ತೋ ಸಿಟ್ಟು. "ನಿಮಗೆ ಆ ಗುಂಡಿನೇ ಹೆಂಡ್ತಿ. ಹೋಗಿ, ಅದರಲ್ಲೇ ಇದ್ದುಬಿಡಿ, ಮನೆಗೆ ಬರಬೇಡಿ" ಅಂದೆ. ಬೆನ್ನು ತಿರುಗಿಸಿ ಒಲೆಯ ಮುಂದೆ ನಿಂತೆ. ಅವರು ಒಳಗೆ ಹೋದದ್ದು, ಹೊರಗೆ ಬಂದದ್ದು, ಮಳೆಕೋಟು ಹಾಕಿಕೊಂಡದ್ದು ಎಲ್ಲ ಕೇಳಿಸಿತು. "ಬರ್ತೀನಿ" ಅಂದರು. ತಿರುಗಿ ನೋಡಲಿಲ್ಲ.

ಅದರಲ್ಲೇ ಇದ್ದುಬಿಟ್ಟರು.

ತಮ್ಮ ಬೇಡವೆಂದರೂ ಕೇಳದೆ ಇಳಿದರು ಎಂದು ನೀನು ಬಂದು ಹೇಳಿದಾಗ ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಯಾಕೆ ಇಳಿದರು ಎಂದು ನನಗೊಬ್ಬಳಿಗೇ ಗೊತ್ತಿತ್ತು. ಅಲ್ಲ, ಅತ್ತೆಗೂ ಗೊತ್ತಿತ್ತು, ಅವರು ಪಕ್ಕದ ಕೋಣೆಯಲ್ಲಿದ್ದರು. ಅವತ್ತು ಸಂಜೆ ಗೋಡೆಯ ಕಡೆ ತಿರುಗಿ, "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು" ಅಂದರು. ಅಂದಿನಿಂದ ಗೋಡೆಯ ಜೊತೆಗೇ ಅವರ ಮಾತು. ಅವರನ್ನು ತಪ್ಪು ಎನ್ನಲಾರೆ. ನನ್ನ ಜೊತೆ ನನಗೂ ಮಾತು ಬೇಡವಾಗಿದೆ.

ಟೈಲ್ಸ್ ಕೇಳಬೇಡ.

ಅತ್ತಿಗೆ

*

ಜುಲೈ 16

ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಓದಿದೆ.

ಮಳೆ ಜೋರಾಗಿದೆ. ಗುಂಡಿಯ ಸುತ್ತ ಕಾಲುವೆ ತೆಗೆಸಿದ್ದೇನೆ, ಆದರೂ ನೀರು ಬರುತ್ತಿದೆ. ಮಣ್ಣು ಕುಸಿಯದ ಹಾಗೆ ಹಲಗೆ ಕೊಟ್ಟು ಆಸರೆ ನಿಲ್ಲಿಸಬೇಕು, ಹಲಗೆ ಇನ್ನೂ ಬಂದಿಲ್ಲ. ಆಮೇಲೆ ಬರೆಯುತ್ತೇನೆ.

ನಿಮ್ಮ ಮೈದುನ

*

ಜುಲೈ 23

ಮೈದುನನಿಗೆ,

ಏಳು ವರ್ಷದ ಮಾತನ್ನು ನಿನ್ನ ಮುಂದೆ ತೆರೆದಿಟ್ಟೆ. ನೀನು ಹಲಗೆಯ ವಿಷಯ ಬರೆದೆ.

ಸರಿ. ನಿನಗೂ ನನ್ನ ಮೇಲೆ ಅಸಹ್ಯ ಬಂದಿರಬೇಕು. ಅಣ್ಣನನ್ನು ಕೊಂದವಳಿಗೆ ಏನೆಂದು ಬರೆಯುವುದು? ಇನ್ನು ಬರೆಯಬೇಡ. ಅತ್ತೆಯ ಕ್ಷೇಮ ಬೇಕಿದ್ದರೆ ಅವರಿಗೇ ಫೋನ್ ಮಾಡು.

ಅತ್ತಿಗೆ

*

ಆಗಸ್ಟ್ 1

ಅತ್ತಿಗೆ,

ಬರೆಯಬೇಡ ಎಂದಿರಿ. ಇದೊಂದನ್ನು ಓದಿ, ಆಮೇಲೆ ಹರಿದು ಹಾಕಿ.

ನಿಮ್ಮ ಜುಲೈ ಎಂಟರ ಕಾಗದ ಓದಿದ ದಿನ ಉತ್ತರ ಬರೆಯಲು ಕೂತೆ. ನಾಲ್ಕು ಹಾಳೆ ಹರಿದೆ. ಕೊನೆಗೆ ಹಲಗೆಯ ವಿಷಯ ಬರೆದು ಕಳಿಸಿದೆ. ಅಸಹ್ಯ ಬಂದದ್ದು ನಿಜ, ನಿಮ್ಮ ಮೇಲಲ್ಲ.

ಮೊನ್ನೆ ಬೆಳಿಗ್ಗೆ ಇಲ್ಲಿ ನಡೆದದ್ದು ಕೇಳಿ. ಹಿಂದಿನ ದಿನದ ಮಳೆಗೆ ಪಂಪಿನ ಗುಂಡಿ ಸೊಂಟದ ತನಕ ತುಂಬಿತ್ತು. ನೀರು ಎತ್ತಲೆಂದು ಇಳಿಬಿಟ್ಟಿದ್ದ ಪಂಪಿನ ಹಗ್ಗ ಹರಿದು ಅದು ಕೆಸರಿನಲ್ಲಿ ಕೂತಿತ್ತು. ಡಾಕ್ಟರು ಕೊಡೆ ಹಿಡಿದು ಬಂದು, "ಅದನ್ನ ಎತ್ತಿಸಿಬಿಡಿ ಮೇಸ್ತ್ರಿ, ಹಾಳಾಗುತ್ತೆ" ಅಂದರು. ಹಲಗೆ ಬಂದಿರಲಿಲ್ಲ. ಗುಂಡಿಯ ಅಂಚಿನಲ್ಲಿ ಬೆರಳು ಹೋಗುವಷ್ಟು ಬಿರುಕು. ನಾನು ನೋಡಿದೆ. ನೋಡಿಯೂ ಗಡಿಯಾರನಿಗೆ ಹೇಳಿದೆ: "ಐದೇ ನಿಮಿಷ, ಇಳಿದು ಹಗ್ಗ ಕಟ್ಟಿ ಬಂದುಬಿಡು."

ಅವನು ಏಣಿಯ ಮೇಲೆ ಒಂದು ಕಾಲಿಟ್ಟ. ಆಗ ನನ್ನ ಮಾತು ನನಗೇ ಕೇಳಿಸಿತು. ಏಳು ವರ್ಷದ ಹಿಂದೆ ಇದೇ ಬಾಯಿ ಇದೇ ಮಾತನ್ನು ಆಡಿತ್ತು. ಒಂದು ಅಕ್ಷರ ಆಚೀಚೆ ಇಲ್ಲ. ಓಡಿಹೋಗಿ ಗಡಿಯಾರನ ಕೊರಳಪಟ್ಟಿ ಹಿಡಿದು ಎಳೆದೆ. ಇಬ್ಬರೂ ಕೆಸರಿಗೆ ಬಿದ್ದೆವು. "ಏನ್ ಹುಚ್ಚು ಮೇಸ್ತ್ರಿ ನಿಮಗೆ!" ಎಂದು ಬೈದ. ಹತ್ತು ನಿಮಿಷವೂ ಆಗಿರಲಿಲ್ಲ, ಆ ಕಡೆಯ ಮಣ್ಣು ಪೂರಾ ಒಳಗೆ ಕುಸಿಯಿತು. ದೊಡ್ಡ ಸದ್ದೇನೂ ಇಲ್ಲ. ಯಾರೋ ಹಾಸಿಗೆಯನ್ನು ನೆಲಕ್ಕೆ ಹಾಕಿದ ಹಾಗೆ. ಏಣಿ ಕಾಣಲಿಲ್ಲ. ಗಡಿಯಾರ ತುಂಬ ಹೊತ್ತು ನಿಂತಿದ್ದು, "ಟೈಮ್ ಎಷ್ಟಾಯ್ತು?" ಅಂದ.

ಅತ್ತಿಗೆ, ಅಣ್ಣ ತಾನಾಗಿ ಇಳಿಯಲಿಲ್ಲ. ನಾನು ಬೇಡ ಎನ್ನಲಿಲ್ಲ. ನಾನೇ ಇಳಿಸಿದೆ.

ಆ ಅತಿಥಿಗೃಹದ ಕೆಲಸ ಹಿಡಿದವನು ನಾನು. ಅಣ್ಣ ನನಗಿಂತ ಒಳ್ಳೆಯ ಕೆಲಸಗಾರ, ಆದರೆ ಮೊದಲ ಸಲ ದೊಡ್ಡ ಕೆಲಸ ನನ್ನ ಹೆಸರಿಗೆ ಬಂದಿತ್ತು. ನಾನು ಯಜಮಾನನಾಗಿದ್ದೆ. ಬಿರುಕು ನೋಡಿ ಅವನು, "ಗೋಡೆ ಸರಿಯಿಲ್ಲ ಕಣೋ" ಅಂದ. ನಾನು, "ಏನಾಗಲ್ಲ. ಐದೇ ನಿಮಿಷ, ಇಳಿದು ಹಗ್ಗ ಕಟ್ಟಿ ಬಂದುಬಿಡು" ಅಂದೆ. ತಮ್ಮನ ಮಾತು ನಾಲ್ಕು ಜನರ ಮುಂದೆ ಕೆಳಗೆ ಬೀಳಬಾರದು ಎಂದು ಇಳಿದ.

ಮಣ್ಣು ತೆಗೆದು ಹೊರಗೆ ತಂದ ಮೇಲೆ ವಿಚಾರಣೆಗೆ ಬಂದವರು, "ಯಾರು ಇಳೀಲಿಕ್ಕೆ ಹೇಳಿದ್ದು?" ಎಂದು ಕೇಳಿದರು. ಭಯಕ್ಕೆ 'ಅವನೇ ಇಳಿದ, ನಾನು ಬೇಡ ಅಂದೆ' ಎಂದೆ. ಒಂದು ಸಲ ಹೇಳಿದ್ದನ್ನು ಅಮ್ಮನಿಗೆ ಹೇಳಿದೆ, ನಿಮಗೆ ಹೇಳಿದೆ. ಹಸಿಯಿದ್ದಾಗ ಒರೆಸಬೇಕಿತ್ತು. ಸಿಮೆಂಟು ಗಟ್ಟಿಯಾದ ಮೇಲೆ ಒರೆಸಿದರೆ ಹೋಗುತ್ತದೆಯೇ? ನಿಮ್ಮಿಬ್ಬರ ನಡುವೆ ಜಗಳವಾಗಿತ್ತು, ನನ್ನ ಸುಳ್ಳು ಹೋಗಿ ಅದರ ಮೇಲೆ ಕೂತಿತು ಎಂದು ನನಗೆ ಗೊತ್ತಿರಲಿಲ್ಲ. ಸತ್ತವನ ತಲೆಗೆ ಕಟ್ಟಿದರೆ ಯಾರಿಗೂ ನೋವಿಲ್ಲ ಎಂದುಕೊಂಡಿದ್ದೆ.

ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ.

ನಿಮ್ಮ ಮೈದುನ

*

ಆಗಸ್ಟ್ 12

ನಿನ್ನ ಕಾಗದವನ್ನು ಲಾಂಡ್ರಿಯಲ್ಲಿ ನಿಂತೇ ಓದಿದೆ. ಮೊದಲ ಸಲ ಓದಿದಾಗ ನಗು ಬಂತು. ಜೊತೆಯವಳು, "ಏನ್ರೀ, ಒಳ್ಳೆ ಸುದ್ದಿನಾ?" ಎಂದು ಕೇಳಿದಳು. ಹೌದು ಎಂದೆ. ಎರಡನೆಯ ಸಲ ಓದುವಾಗ ಒಗೆಯದ ಬಟ್ಟೆಯ ರಾಶಿಯ ಮೇಲೆ ಕೂತು, ಏಳು ವರ್ಷದಿಂದ ಬಾರದಿದ್ದುದನ್ನೆಲ್ಲ ಅತ್ತುಬಿಟ್ಟೆ. ಅವರು ನನ್ನ ಮಾತಿಗೆ ಇಳಿಯಲಿಲ್ಲ. ಇದನ್ನು ಎಷ್ಟು ಸಲ ಹೇಳಿಕೊಂಡೆನೋ.

ಆಮೇಲೆ ಸಿಟ್ಟು ಬಂತು. ನೀನು ಮನೆಗೆ ಬಂದಾಗಲೆಲ್ಲ ನಾನು ತಟ್ಟೆ ಹಾಕಿ ಬಡಿಸಿದ್ದೇನೆ. ನಿನಗೆ ಇಷ್ಟವೆಂದು ಎರಡನೆಯ ಸಲವೂ ಬಡಿಸಿದ್ದೇನೆ. ನೀನು ಉಂಡೆ. ಅತ್ತೆ ನನ್ನ ಮುಂದೆಯೇ ಗೋಡೆಗೆ ಮಾತಾಡುವುದನ್ನು ನೋಡುತ್ತಾ ಉಂಡೆ. 'ಯಾಕೆ ಹೀಗೆ?' ಎಂದು ಒಂದು ದಿನ ಕೇಳಿದ್ದರೂ ಸಾಕಿತ್ತು.

ಮನೆಗೆ ಬಂದು ಅತ್ತೆಗೆ ನಿನ್ನ ಕಾಗದ ಓದಿದೆ, ಮೊದಲಿನಿಂದ ಕೊನೆಯವರೆಗೆ. ಅವರು ಗೋಡೆಯ ಕಡೆ ಮಾಡಿದ್ದ ಮುಖವನ್ನು ಮೆಲ್ಲಗೆ ತಿರುಗಿಸಿದರು. ಏಳು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. ಏನೆಂದರು ಗೊತ್ತೇ? "ಇದು ನೀನೇ ಬರೆದದ್ದು. ನನ್ನ ಚಿಕ್ಕ ಮಗ ಅಂಥೋನಲ್ಲ. ನಿನ್ನ ಪಾಪಾನ ಅವನ ತಲೆಗೆ ಕಟ್ತೀಯಾ?" ಅಂದರು.

ಕಾಗದ ತೋರಿಸಿದೆ. ಕನ್ನಡಕ ಹಾಕಿಕೊಳ್ಳಲು ಒಪ್ಪಲಿಲ್ಲ. ಫೋನ್ ಹಚ್ಚಿ ಕೊಡುತ್ತೇನೆ ಎಂದೆ. "ಫೋನಲ್ಲಿ ಯಾರು ಬೇಕಾದ್ರೂ ಮಾತಾಡ್ತಾರೆ" ಅಂದರು.

ನೀನು ಬರಬೇಕು. ಅವರ ಎದುರು ನಿಂತು ನಿನ್ನ ಬಾಯಿಂದ ಹೇಳಬೇಕು. ಮಳೆ, ಕೆಲಸ, ಡಾಕ್ಟರು ಎಂದು ಬರೆಯಬೇಡ.

*

ಆಗಸ್ಟ್ 18

ಅತ್ತಿಗೆ,

ಶನಿವಾರದ ರೈಲಿಗೆ ಹೊರಡುತ್ತೇನೆ. ಎರಡು ಕಡೆ ಹಳಿಯ ಮೇಲೆ ನೀರಿದೆಯಂತೆ, ತಡವಾಗಬಹುದು. ತಡವಾದರೆ ತಪ್ಪಿಸಿಕೊಂಡ ಎಂದುಕೊಳ್ಳಬೇಡಿ.

ಊಟಕ್ಕೆ ಏನೂ ಮಾಡಬೇಡಿ.

*

ಸೆಪ್ಟೆಂಬರ್ 2

ಮೈದುನನಿಗೆ,

ನೀನು ಹೋದ ಮೇಲಿನ ವಿಷಯ ನಿನಗೆ ತಿಳಿಯಬೇಕು ಎಂದು ಬರೆಯುತ್ತಿದ್ದೇನೆ.

ನೀನು ಮಂಚದ ಮುಂದೆ ನಿಂತು ಹೇಳುವಷ್ಟು ಹೊತ್ತೂ ಅತ್ತೆ ನಿನ್ನ ಕೈಯನ್ನೇ ನೋಡುತ್ತಿದ್ದರು, ಮುಖವನ್ನಲ್ಲ. ಅದನ್ನು ನೀನು ಗಮನಿಸಿದೆಯೋ ಇಲ್ಲವೋ. ನೀನು ಹೋದ ಮೇಲೆ ಎರಡು ದಿನ ಏನೂ ತಿನ್ನಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು, "ಆ ಫೋನ್ ಇಲ್ಲಿಂದ ತೆಗೆದುಬಿಡು" ಅಂದರು. ಈಗ ಅದು ಅಡುಗೆಮನೆಯಲ್ಲಿದೆ. ನೀನು ಮಾಡಿದರೆ ನಾನೇ ಎತ್ತುತ್ತೇನೆ. ಅವರು ಮಾತಾಡುವುದಿಲ್ಲ. ನಿನ್ನ ಹೆಸರೆತ್ತಿದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ನನ್ನ ಜೊತೆ ಮಾತಾಡುತ್ತಾರೆ, ಆದರೆ ಅಭ್ಯಾಸ ತಪ್ಪಿಹೋಗಿದೆ. ಒಂದು ಮಾತಾಡಿ ನಿಲ್ಲುತ್ತಾರೆ. ನಿನ್ನೆ ನನ್ನ ಬೆರಳ ಮೇಲಿನ ಇಸ್ತ್ರಿಯ ಸುಟ್ಟ ಗಾಯ ನೋಡಿ, "ಯಾವಾಗ ಆಯ್ತು?" ಎಂದು ಕೇಳಿದರು. ಅದು ಮೂರು ವರ್ಷದ ಹಿಂದಿನದು.

ಅವರಿಗೆ ಉಳಿದಿದ್ದದ್ದು ಒಬ್ಬ ಮಗ. ಈಗ ಅವನೂ ಇಲ್ಲದ ಹಾಗಾಯಿತು. ಇದರಿಂದ ನನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಟೈಲ್ಸ್ ಪೆಟ್ಟಿಗೆಗಳನ್ನು ನೀನು ಹೊರುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. 'ನಿಜವಾಗಿ ತಗೊಂಡು ಹೋಗಲಾ?' ಎಂದು ನೀನು ಮೂರು ಸಲ ಕೇಳಿದೆ. ನಿಜವಾಗಿಯೇ. ಅವು ಇಲ್ಲಿದ್ದರೆ ಮುಂದಿನ ಮಳೆಗೂ ನಾನು ಮುಖ ತಿರುಗಿಸಿಕೊಂಡು ಆ ಶೆಡ್ಡಿಗೆ ಹೋಗಬೇಕು. ಆ ಡಾಕ್ಟರ ಮಂಡಿಗಾದರೂ ಉಪಯೋಗವಾಗಲಿ.

ಇನ್ನೊಂದು ಮಾತು. ನಿನ್ನ ಆ ಉದ್ದದ ಕಾಗದವನ್ನು ಎಷ್ಟೋ ಸಲ ಓದಿದೆ. ಅದರ ತುಂಬ ನೀನೇ ಇದ್ದೀಯ. ನಿನ್ನ ಭಯ, ನಿನ್ನ ಸುಳ್ಳು, ನಿನ್ನ ತಪ್ಪು. ಅವರು ಎರಡು ಸಾಲಿನಲ್ಲಿ ಬಂದು ಗುಂಡಿಗೆ ಇಳಿದುಬಿಡುತ್ತಾರೆ. ಮನೆಯ ಬಾಗಿಲು ದಾಟಿದ ಮೇಲೆ ಆ ಗುಂಡಿಯವರೆಗೆ ಅವರಿಗೆ ಇನ್ನೂ ನಾಲ್ಕು ಗಂಟೆ ಬದುಕಿತ್ತು. ಅದನ್ನು ನೋಡಿದವನು ನೀನೊಬ್ಬನೇ. ನನಗೆ ಅದು ಬೇಕು. ಏನು ಮಾಡಿದರು, ಏನು ತಿಂದರು, ಏನು ಮಾತಾಡಿದರು, ಎಲ್ಲ ಬರೆ. ನನ್ನನ್ನು ಬೈದಿದ್ದರೆ ಅದನ್ನೂ ಬರೆ. ಕ್ಷಮೆ ಕೇಳಬೇಡ, ಕೇಳಿದರೆ ಏನು ಹೇಳಬೇಕೆಂದು ನನಗೆ ಗೊತ್ತಿಲ್ಲ. ಇದನ್ನು ಬರೆ.

ಅತ್ತಿಗೆ

*

ಸೆಪ್ಟೆಂಬರ್ 14

ಅತ್ತಿಗೆಗೆ ನಮಸ್ಕಾರಗಳು.

ಕೊಳಕ್ಕೆ ಮೊನ್ನೆ ನೀರು ತುಂಬಿಸಿದೆವು. ಅಣ್ಣನ ಟೈಲ್ಸಿನ ನೀಲಿ ಇಲ್ಲಿಯದಕ್ಕಿಂತ ಸ್ವಲ್ಪ ಹೆಚ್ಚು ಗಾಢ. ಬೆರೆಸಿದರೆ ತೇಪೆಯ ಹಾಗೆ ಕಾಣುತ್ತಿತ್ತು. ಮೆಟ್ಟಿಲುಗಳಿಗೆ ಪೂರ್ತಿ ಅದನ್ನೇ ಹಾಕಿದೆ. ಮಂಡಿನೋವಿನವರು ನೀರಿಗೆ ಇಳಿಯುವಾಗ ಮೆಟ್ಟಿಲು ಎಲ್ಲಿದೆ ಎಂದು ಕಣ್ಣಿಗೆ ಕಾಣಬೇಕು. ಎರಡು ಪೆಟ್ಟಿಗೆಯ ಕಾಗದ ಗೆದ್ದಲು ತಿಂದಿತ್ತು, ಆ ಚೌಕಗಳನ್ನು ಒಂದೊಂದಾಗಿ ಕೈಯಲ್ಲಿ ಕೂರಿಸಿದೆ. ಡಾಕ್ಟರು ಯಾವ ಮೂಲೆಯನ್ನೂ ತೋರಿಸಲಿಲ್ಲ. ನಾನು ಇನ್ನು ಈ ಕೆಲಸ ಹಿಡಿಯುವುದಿಲ್ಲ ಎಂದು ಅವರಿಗೆ ಹೇಳಿದೆ. ಇನ್ನೊಬ್ಬರ ಕೈಕೆಳಗೆ ಟೈಲ್ಸ್ ಹಾಕುತ್ತೇನೆ. ಯಾರನ್ನೂ ಎಲ್ಲಿಗೂ ಇಳಿಸುವ ಕೆಲಸ ನನಗೆ ಬೇಡ.

ನೀವು ಕೇಳಿದ್ದನ್ನು ಬರೆಯುತ್ತೇನೆ. ಒಂದು ವಾರ ಕೂತು ನೆನಪು ಮಾಡಿಕೊಂಡಿದ್ದೇನೆ. ನೆನಪಾಗದ್ದನ್ನು ಸೇರಿಸಿಲ್ಲ.

ಏಳೂವರೆಗೆ ರಸ್ತೆಯ ತಿರುವಿನಲ್ಲಿ ಸಿಕ್ಕ. ಮಳೆಕೋಟಿನ ಗುಂಡಿಗಳನ್ನು ಕೊರಳಿನವರೆಗೂ ಹಾಕಿಕೊಂಡಿದ್ದ. ಸೈಕಲ್ ತಳ್ಳಿಕೊಂಡು ಜೊತೆಗೆ ನಡೆದೆವು. ನಗುತ್ತಾ, "ಇವತ್ತು ನಿನ್ನ ಅತ್ತಿಗೆ ನನ್ನನ್ನ ಮನೆಯಿಂದ ಡಿಸ್‌ಮಿಸ್ ಮಾಡಿದ್ಲು ಕಣೋ. ಮಧ್ಯಾಹ್ನ ಹೋಗಿ ಮತ್ತೆ ಅರ್ಜಿ ಹಾಕ್ಕೋಬೇಕು" ಅಂದ. ತಮಾಷೆ ಎಂದುಕೊಂಡು ನಾನೂ ನಕ್ಕೆ. ನಿಮ್ಮ ಕಾಗದ ಓದುವವರೆಗೆ ಆ ಮಾತಿನ ಅರ್ಥ ನನಗೆ ಆಗಿರಲಿಲ್ಲ. ಓದಿದ ಮೇಲೂ ನನ್ನ ತಪ್ಪನ್ನು ಬರೆಯುವ ಅವಸರದಲ್ಲಿ ಇದನ್ನು ಬಿಟ್ಟೆ. ನೀವು ಹೇಳಿದ್ದು ನಿಜ, ಆ ಕಾಗದದಲ್ಲಿ ಅವನಿರಲಿಲ್ಲ.

ಎಂಟಕ್ಕೆ ಟೀ ಕುಡಿದ. ಎರಡು ಬನ್ನು ತಿಂದ, ಒಂದನ್ನು ನನ್ನ ತಟ್ಟೆಯಿಂದ. ಮೂಲೆಯ ಟೈಲ್ಸ್ ಕತ್ತರಿಸುತ್ತಾ ಸಿಳ್ಳೆ ಹಾಕುತ್ತಿದ್ದ. ಅವನ ಸಿಳ್ಳೆಗೆ ರಾಗವಿರಲಿಲ್ಲ, ನಿಮಗೆ ಗೊತ್ತು. ಒಂಬತ್ತರ ಹೊತ್ತಿಗೆ ಅಲ್ಲಿಯ ತೋಟದವನ ಹತ್ತಿರ, ಹೆಣ್ಣು ಮಗು ಹುಟ್ಟಿದರೆ ಏನು ಹೆಸರು ಚೆನ್ನ ಎಂದು ಕೇಳುತ್ತಿದ್ದ. ತೋಟದವನು ತನ್ನ ಹಸುವಿನ ಹೆಸರು ಹೇಳಿದ. ಅಣ್ಣ ಕೂತಲ್ಲಿಂದ ಬೀಳುವಷ್ಟು ನಕ್ಕ. ನಿಮ್ಮನ್ನು ಬೈಯಲಿಲ್ಲ. ಒಂದು ಮಾತೂ ಬೈಯಲಿಲ್ಲ.

ಹನ್ನೊಂದಕ್ಕೆ ಬಂದು, "ಹನ್ನೊಂದೂಕಾಲಿಗೆ ಬಿಡ್ತೀಯೇನೋ ಯಜಮಾನ?" ಎಂದು ಕೇಳಿದ. ನಾನು, "ಪಂಪ್ ಎತ್ತಿಕೊಟ್ಟು ಹೋಗು" ಅಂದೆ. ಆಮೇಲಿನದು ನಿಮಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ.

ಇಳಿಯುವ ಮೊದಲು ಮಳೆಕೋಟು ಬಿಚ್ಚಿದ. ಒಳಗೆ ಕೆಲಸದ ಅಂಗಿ ಇರಲಿಲ್ಲ. ನೀವು ಇಸ್ತ್ರಿ ಮಾಡಿಟ್ಟಿದ್ದ ಆ ತೆಳುಗೆರೆಯ ಬಿಳಿ ಅಂಗಿ. ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದ. ಅದನ್ನು ಬಿಚ್ಚಿ, ಮಡಿಸಿ, ನನ್ನ ಕೈಯಲ್ಲಿಟ್ಟು, "ಡಾಕ್ಟರ ಹತ್ರ ಹಾಕ್ಕೊಂಡು ಹೋಗ್ಬೇಕು, ಮಣ್ಣು ಮಾಡಬೇಡ" ಅಂದ.

ಮಳೆ ತಾಗದ ಹಾಗೆ ನನ್ನ ಕೋಟಿನೊಳಗೆ ಇಟ್ಟುಕೊಂಡಿದ್ದೆ. ಅವನನ್ನು ಮೇಲೆ ತಂದಾಗ ಅಲ್ಲಿ ಒಣಗಿದ ಬಟ್ಟೆ ಅದೊಂದೇ ಇತ್ತು. ಅದರಲ್ಲೇ ಅವನ ಮುಖ ಒರೆಸಿದೆ.

ನಿಮ್ಮ ಮೈದುನ